ಆರರ ತಂಡ: ಪೋಕೆಮಾನ್ ಕಾಳಗದಲ್ಲಿ ಗಣಿತ ಬೆಳೆದು ಬಂದ ಬಗೆ

ಜಪಾನಿನಲ್ಲಿ ಬೆರಳುಗಳಿಂದ ಆಡುವ ಮುಶಿಕೆನ್ ಎಂಬ ಹಳೆಯ ಆಟವೊಂದಿದೆ. ಹೆಬ್ಬೆರಳು ಕಪ್ಪೆ, ತೋರುಬೆರಳು ಹಾವು, ಕಿರುಬೆರಳು ಚಿಪ್ಪಿಲ್ಲದ ಬಸವನಹುಳು. ಹಾವು ಕಪ್ಪೆಯನ್ನು ಗೆಲ್ಲುತ್ತದೆ, ಕಪ್ಪೆ ಹುಳುವನ್ನು ಗೆಲ್ಲುತ್ತದೆ, ಹುಳು ಹಾವನ್ನು ಗೆಲ್ಲುತ್ತದೆ. ಇಬ್ಬರೂ ಏಕಕಾಲಕ್ಕೆ ಬೆರಳು ತೋರಿಸಬೇಕು. ಕಲ್ಲು–ಕಾಗದ–ಕತ್ತರಿ ಆಟವೂ ಇದೇ ಜಾತಿಯದು. ಈ ಮೂರರಲ್ಲಿ ಯಾವುದು ಬಲಿಷ್ಠ ಎಂದು ಕೇಳಿದರೆ ಉತ್ತರವಿಲ್ಲ. ಎದುರಾಳಿ ಏನನ್ನು ತೋರಿಸುತ್ತಾನೆ ಎಂಬುದರ ಮೇಲೆ ಬಲಾಬಲ ನಿರ್ಧಾರವಾಗುತ್ತದೆ.

ಇದೇ ತತ್ತ್ವದ ಮೇಲೆ ನಿಂತ ಒಂದು ವಿಡಿಯೋ ಆಟ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ನಿಂಟೆಂಡೋ ಕಂಪನಿಯ ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕಾಗಿ ತಯಾರಾದ ‘ಪೋಕೆಮಾನ್’ ಅದು. 2003ರ ಸುಮಾರಿಗೆ ನಮ್ಮ ಮಕ್ಕಳಿಗೆ ಟಿ.ವಿ. ಕಾರ್ಟೂನಿನ ಮೂಲಕ ಈ ಹೆಸರು ಪರಿಚಯವಾಯಿತು. ಕಾರ್ಟೂನ್ ನೋಡಿದವರಿಗೆ ಹಳದಿ ಬಣ್ಣದ ಪಿಕಾಚು ನೆನಪಿರುತ್ತದೆ. ಆದರೆ ಮೂಲ ಆಟದ ಹೊಟ್ಟೆಯಲ್ಲಿ ಸಂಭವನೀಯತೆ, ದ್ವಿಮಾನ ಸಂಖ್ಯೆ, ವರ್ಗಮೂಲ, ಶೇಷ ಗಣಿತ ಎಲ್ಲವೂ ಇವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಒಳ್ಳೆಯ ತಂಡ ಕಟ್ಟಬೇಕೆಂಬ ಹಟದಿಂದ ಜಗತ್ತಿನ ಹುಡುಗ ಹುಡುಗಿಯರು ಇವನ್ನೆಲ್ಲ ಒಂದೊಂದಾಗಿ ಹೊರಗೆಳೆದರು. ಆ ಕತೆಯನ್ನು ಇಲ್ಲಿ ನೋಡೋಣ.

ಕೀಟ ಹಿಡಿಯುವ ಹುಡುಗ

ಆಟದ ಮೂಲ ಕಲ್ಪನೆ ಸಾತೋಶಿ ತಾಜಿರಿ ಅವರದು. 1965ರಲ್ಲಿ ಹುಟ್ಟಿದ ಅವರು ಟೋಕಿಯೊ ಬಳಿಯ ಮಾಚಿದಾದಲ್ಲಿ ಬೆಳೆದರು. ಬಾಲ್ಯದಲ್ಲಿ ಕೀಟ ಸಂಗ್ರಹಿಸುವ ಗೀಳು ಅವರಿಗಿತ್ತು. ಊರು ಬೆಳೆದಂತೆ ಕೆರೆ, ಪೊದೆಗಳು ಮಾಯವಾದವು, ಕೀಟಗಳೂ ಹೋದವು. ಎರಡು ಗೇಮ್ ಬಾಯ್‌ಗಳನ್ನು ತಂತಿಯೊಂದರಿಂದ ಜೋಡಿಸಬಹುದು ಎಂದು ಕಂಡಾಗ, ಆ ತಂತಿಯ ಮೇಲೆ ಕೀಟವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ತೆವಳಿಕೊಂಡು ಹೋಗುವ ಚಿತ್ರ ಅವರ ಮನಸ್ಸಿಗೆ ಬಂತಂತೆ. ಆಟ ಸಿದ್ಧವಾಗಲು ಸುಮಾರು ಆರು ವರ್ಷ ಹಿಡಿಯಿತು.

ಆಟದಲ್ಲಿ 151 ಪ್ರಭೇದದ ಜೀವಿಗಳಿದ್ದವು. ಆಟಗಾರ ಅವನ್ನು ಹಿಡಿದು, ಸಾಕಿ, ಪಳಗಿಸಿ ಆರರ ತಂಡ ಕಟ್ಟುತ್ತಾನೆ. ಪ್ರತಿ ಜೀವಿಗೆ ಗರಿಷ್ಠ ನಾಲ್ಕು ಪಟ್ಟುಗಳು. ಅದೇ ತಂತಿಯಿಂದ ಗೆಳೆಯನ ಯಂತ್ರಕ್ಕೆ ಜೋಡಿಸಿದರೆ ಕಾಳಗ. ಒಂದೊಂದು ಸರದಿಯಲ್ಲಿ ಇಬ್ಬರೂ ಗುಟ್ಟಾಗಿ ಒಂದೊಂದು ಆಜ್ಞೆ ಕೊಡುತ್ತಾರೆ, ನಂತರ ಎರಡೂ ಒಟ್ಟಿಗೆ ಜಾರಿಯಾಗುತ್ತವೆ. ಇದು ಬೆರಳು ತೋರಿಸುವ ಆಟವೇ ಸರಿ, ಬೆರಳುಗಳ ಸಂಖ್ಯೆ ಮಾತ್ರ ಹೆಚ್ಚು.

ಎಷ್ಟು ಹೆಚ್ಚು? 151ರಿಂದ 6ನ್ನು ಆರಿಸುವ ಸಂಯೋಜನೆಗಳನ್ನು ಪಿಯುಸಿ ವಿದ್ಯಾರ್ಥಿ ಲೆಕ್ಕ ಹಾಕಬಲ್ಲ: 14,88,86,00,755. ಅಂದರೆ ಸುಮಾರು 1,489 ಕೋಟಿ ತಂಡಗಳು. ಪಟ್ಟುಗಳ ಆಯ್ಕೆಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಇಷ್ಟು ತಂಡಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಅಸಾಧ್ಯ. ಹಾಗಿದ್ದೂ ಕೆಲವೇ ತಿಂಗಳುಗಳಲ್ಲಿ ಆಟಗಾರರೆಲ್ಲ ಸುಮಾರು ಒಂದೇ ಬಗೆಯ ತಂಡಗಳನ್ನು ತರತೊಡಗಿದರು. ಅದೇಕೆ?

ಕೋಷ್ಟಕದಲ್ಲೊಂದು ತಪ್ಪು

ಮೊದಲ ಆಟದಲ್ಲಿ 15 ವರ್ಗಗಳಿದ್ದವು. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಸಸ್ಯವನ್ನು, ಸಸ್ಯ ನೀರನ್ನು. ಅನುಕೂಲದ ಪಟ್ಟು ಬಿದ್ದರೆ ಪೆಟ್ಟು 2 ಪಟ್ಟಾಗುತ್ತದೆ, ಪ್ರತಿಕೂಲವಾದರೆ ಅರ್ಧವಾಗುತ್ತದೆ, ಕೆಲವು ಜೋಡಿಗಳಲ್ಲಿ ಸೊನ್ನೆ. ಒಂದು ಜೀವಿಗೆ ಎರಡು ವರ್ಗಗಳಿರಬಹುದು. ಎರಡೂ ದುರ್ಬಲವಾದರೆ ಪೆಟ್ಟು 4 ಪಟ್ಟು. ಇಂಥ 15 × 15ರ ಕೋಷ್ಟಕ ಸಮತೋಲದಲ್ಲಿದ್ದರೆ ಯಾವ ವರ್ಗವೂ ರಾಜನಾಗುವುದಿಲ್ಲ. ಆದರೆ ಇಲ್ಲಿ ಒಂದು ವರ್ಗ ರಾಜನಾಯಿತು. ಅದು ಮನಃಶಕ್ತಿಯ ವರ್ಗ.

ಆ ವರ್ಗಕ್ಕೆ ಎರಡು ಶತ್ರುಗಳಿರಬೇಕಿತ್ತು: ಕೀಟ ಮತ್ತು ಪ್ರೇತ. ಕೀಟ ವರ್ಗದ ಪಟ್ಟುಗಳು ತೀರ ದುರ್ಬಲವಾಗಿದ್ದವು. ಕೀಟಪ್ರೇಮಿಯ ಆಟದಲ್ಲಿ ಕೀಟಗಳಿಗೇ ಈ ಗತಿ ಬಂದದ್ದು ವಿಚಿತ್ರ. ಇನ್ನು ಪ್ರೇತ ವರ್ಗದ ಪಟ್ಟು ಮನಃಶಕ್ತಿಯನ್ನು ಬಾಧಿಸುತ್ತದೆ ಎಂದು ಆಟದೊಳಗಿನ ಪಾತ್ರವೇ ಹೇಳುತ್ತದೆ. ಆದರೆ ತಂತ್ರಾಂಶದ ಕೋಷ್ಟಕದಲ್ಲಿ 2 ಇರಬೇಕಾದ ಜಾಗದಲ್ಲಿ 0 ಕುಳಿತಿತ್ತು! ಜೊತೆಗೆ ಆಗ ವಿಶೇಷ ದಾಳಿ, ವಿಶೇಷ ರಕ್ಷಣೆ ಎರಡಕ್ಕೂ ‘ವಿಶೇಷ’ ಎಂಬ ಒಂದೇ ಅಂಕಿ ಇತ್ತು. ಹೀಗಾಗಿ ಬಲವಾಗಿ ಹೊಡೆಯುವ ಮನಃಶಕ್ತಿಯ ಜೀವಿ ಪೆಟ್ಟನ್ನೂ ಅಷ್ಟೇ ಚೆನ್ನಾಗಿ ತಡೆದುಕೊಳ್ಳುತ್ತಿತ್ತು.

ಜಪಾನಿನಲ್ಲಿ 1997ರಲ್ಲಿ ನಡೆದ ನಿಂಟೆಂಡೋ ಕಪ್ ಪಂದ್ಯಾವಳಿಯ ನಿಯಮಗಳನ್ನು ನೋಡಿದರೆ ಏಕತಾನತೆಯನ್ನು ಮುರಿಯುವ ಯತ್ನ ಕಾಣುತ್ತದೆ. ಮ್ಯೂಟು, ಮ್ಯೂ ಎಂಬ ಎರಡು ಅತಿಬಲಿಷ್ಠ ಜೀವಿಗಳಿಗೆ ನಿಷೇಧ. ಆರನ್ನು ತರಬೇಕು, ಎದುರಾಳಿಯ ಆರನ್ನು ನೋಡಿ ಮೂರನ್ನು ಮಾತ್ರ ಕಣಕ್ಕಿಳಿಸಬೇಕು. ಜೀವಿಗಳ ಮಟ್ಟ 50ರಿಂದ 55ರೊಳಗೆ, ಮೂರರ ಮೊತ್ತ 155 ಮೀರಬಾರದು. ಒಂದನ್ನು 55ಕ್ಕೆ ಏರಿಸಿದರೆ ಉಳಿದೆರಡು 50ರಲ್ಲೇ ಇರಬೇಕು. ಒಂದು ಕಡೆ ಪಡೆದದ್ದಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕೆಂಬ ಈ ವಿಚಾರ ಮುಂದೆ ಆಟದ ಒಳಗೇ ಸೇರಿಕೊಂಡಿತು.

ಮುಚ್ಚಿಟ್ಟ ಅಂಕಿಗಳು

ಒಂದೇ ಪ್ರಭೇದದ, ಒಂದೇ ಮಟ್ಟದ ಎರಡು ಜೀವಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವುಗಳ ವೇಗ, ರಕ್ಷಣೆಗಳಲ್ಲಿ ಸಣ್ಣ ವ್ಯತ್ಯಾಸವಿರುತ್ತಿತ್ತು. ಕೈಪಿಡಿಯಲ್ಲಿ ಇದಕ್ಕೆ ವಿವರಣೆ ಇರಲಿಲ್ಲ. ಆಟಗಾರರು ನೂರಾರು ಜೀವಿಗಳನ್ನು ಹಿಡಿದು ಅಂಕಿಗಳನ್ನು ಬರೆದಿಟ್ಟುಕೊಂಡು ಹೋಲಿಸಿದರು. ಬಲ್ಲವರು ಕಾರ್ಟ್ರಿಜ್‌ನೊಳಗಿನ ತಂತ್ರಾಂಶವನ್ನೇ ಬಿಡಿಸಿ ಓದಿದರು. ಹೊರಬಿದ್ದ ಸಂಗತಿ ಸ್ವಾರಸ್ಯಕರ.

ಪ್ರತಿ ಜೀವಿ ಹುಟ್ಟುವಾಗಲೇ ದಾಳಿ, ರಕ್ಷಣೆ, ವೇಗ, ವಿಶೇಷ ಎಂಬ ನಾಲ್ಕಕ್ಕೂ 0ರಿಂದ 15ರೊಳಗಿನ ಒಂದೊಂದು ಅಂಕಿಯನ್ನು ಪಡೆಯುತ್ತದೆ. 15 ಏಕೆ? ನಾಲ್ಕು ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದು. ನಾಲ್ಕು ಅಂಕಿಗಳು ಎರಡು ಬೈಟ್‌ಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಐದನೆಯದಾದ ಪ್ರಾಣಬಲಕ್ಕೆ ಜಾಗವೇ ಇಲ್ಲ. ಅದನ್ನು ಉಳಿದ ನಾಲ್ಕು ಅಂಕಿಗಳ ಕೊನೆಯ ಬಿಟ್‌ಗಳಿಂದ ಕಟ್ಟಿಕೊಳ್ಳುತ್ತಿದ್ದರು: ದಾಳಿಯ ಅಂಕಿ ಬೆಸವಾದರೆ 8, ರಕ್ಷಣೆ ಬೆಸವಾದರೆ 4, ವೇಗ ಬೆಸವಾದರೆ 2, ವಿಶೇಷ ಬೆಸವಾದರೆ 1. ಸ್ಮೃತಿಯ ಬಡತನ ಕಲಿಸಿದ ಜಾಣತನವಿದು. ದ್ವಿಮಾನ ಪದ್ಧತಿಯನ್ನು ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ.

ಇನ್ನೊಂದು ಒಗಟೂ ಬಿಡಿಸಿತು. ಶೇ. 100 ಗುರಿ ತಪ್ಪದ ಪಟ್ಟುಗಳು ಎಂದೋ ಒಮ್ಮೆ ಗುರಿ ತಪ್ಪುತ್ತಿದ್ದವು. ಯಂತ್ರ 0ರಿಂದ 255ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ಆರಿಸುತ್ತದೆ. ಅದು ಪಟ್ಟಿನ ನಿಖರತೆಗಿಂತ ಕಡಿಮೆಯಿದ್ದರೆ ಪೆಟ್ಟು ಬೀಳುತ್ತದೆ. ಶೇ. 100 ಎಂಬುದನ್ನು ಒಂದು ಬೈಟ್‌ನಲ್ಲಿ 255 ಎಂದು ಬರೆದಿದ್ದರು. ಆರಿಸಿದ ಸಂಖ್ಯೆಯೇ 255 ಆದರೆ ಅದು 255ಕ್ಕಿಂತ ಕಡಿಮೆಯಲ್ಲ, ಪೆಟ್ಟು ತಪ್ಪಿತು! 256ರಲ್ಲಿ ಒಮ್ಮೆ ಸಂಭವಿಸುವ ಈ ದುರದೃಷ್ಟಕ್ಕೆ ಕಾರಣ ‘ಕಡಿಮೆ’ ಮತ್ತು ‘ಕಡಿಮೆ ಅಥವಾ ಸಮ’ ಎಂಬುವುಗಳ ನಡುವಿನ ವ್ಯತ್ಯಾಸ.

ಹೀಗೆಯೇ ನಿರ್ಣಾಯಕ ಪೆಟ್ಟಿನ ಸಂಭವನೀಯತೆ ಜೀವಿಯ ವೇಗಕ್ಕೆ ಕಟ್ಟಿಕೊಂಡಿತ್ತು. ಮೂಲವೇಗ 110 ಇರುವ ಟಾರೋಸ್ ಎಂಬ ಗೂಳಿಗೆ ಅದು ಶೇ. 21.5, ಮೂಲವೇಗ 30 ಇರುವ ಸ್ಲೋಬ್ರೋಗೆ ಶೇ. 6ಕ್ಕಿಂತ ಕಡಿಮೆ. ನೋಡಲು ಸಾಧಾರಣವಾದ ಈ ಗೂಳಿ ಮೊದಲ ಪೀಳಿಗೆಯ ತಂಡಗಳಲ್ಲಿ ಖಾಯಂ ಸ್ಥಾನ ಪಡೆದದ್ದರ ಗುಟ್ಟುಗಳಲ್ಲಿ ಇದೂ ಒಂದು.

ಬಜೆಟ್ ಬಂದ ವರ್ಷ

1999ರ ನವೆಂಬರ್‌ನಲ್ಲಿ ‘ಗೋಲ್ಡ್’ ಮತ್ತು ‘ಸಿಲ್ವರ್’ ಆವೃತ್ತಿಗಳು ಬಂದವು. ಕೋಷ್ಟಕದ ತಪ್ಪು ಸರಿಹೋಯಿತು, ‘ವಿಶೇಷ’ ಎರಡಾಗಿ ಒಡೆಯಿತು, ಕತ್ತಲೆ ಮತ್ತು ಉಕ್ಕು ಎಂಬ ಹೊಸ ವರ್ಗಗಳು ಮನಃಶಕ್ತಿಯ ಸೊಕ್ಕಿಳಿಸಿದವು. ಆದರೆ ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಬಂದದ್ದು 2002ರ ‘ರೂಬಿ’ ಮತ್ತು ‘ಸಫೈರ್’ ಆವೃತ್ತಿಗಳಲ್ಲಿ.

ಅದಕ್ಕೆ ಮುಂಚೆ ತಾಲೀಮಿನ ಲೆಕ್ಕ ಹೀಗಿತ್ತು. ಕಾದಾಡಿದಷ್ಟೂ ಪ್ರತಿ ಗುಣಕ್ಕೂ ಅನುಭವದ ಅಂಕ ಸೇರುತ್ತದೆ, ಗರಿಷ್ಠ 65,535ರವರೆಗೆ. ಅದರ ವರ್ಗಮೂಲಕ್ಕೆ ಅನುಗುಣವಾಗಿ ಬಲ ಏರುತ್ತದೆ. ತಾಳ್ಮೆಯಿದ್ದವನು ಎಲ್ಲ ಗುಣಗಳನ್ನೂ ಗರಿಷ್ಠಕ್ಕೆ ತರಬಹುದಿತ್ತು. ಹಾಗಾಗಿ ಇಬ್ಬರು ಶ್ರದ್ಧಾವಂತರ ಟಾರೋಸ್‌ಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿದ್ದವು.

2002ರಲ್ಲಿ ಆರು ಗುಣಗಳಿಗೂ ಸೇರಿ ಒಟ್ಟು 510 ತಾಲೀಮಿನ ಅಂಕಗಳು ಮಾತ್ರ ಎಂಬ ಮಿತಿ ಬಂತು. ಒಂದೇ ಗುಣಕ್ಕೆ 255 ಮೀರುವಂತಿಲ್ಲ. 100ನೇ ಮಟ್ಟದಲ್ಲಿ 4 ಅಂಕಕ್ಕೆ ಬಲದಲ್ಲಿ 1 ಏರಿಕೆ. ಜೊತೆಗೆ 25 ಬಗೆಯ ‘ಸ್ವಭಾವ’ಗಳು: ಹೆಚ್ಚಿನವು ಒಂದು ಗುಣವನ್ನು ಶೇ. 10 ಏರಿಸಿ ಇನ್ನೊಂದನ್ನು ಶೇ. 10 ಇಳಿಸುತ್ತವೆ. ಹುಟ್ಟುಗುಣದ ಅಂಕಿ 0ರಿಂದ 31 ಆಯಿತು. ಈಗ ಆಯ್ಕೆ ಅನಿವಾರ್ಯ. ವೇಗಕ್ಕೆ ಸುರಿದರೆ ರಕ್ಷಣೆಗೆ ಉಳಿಯದು. ಮನೆಯ ತಿಂಗಳ ಖರ್ಚು ತೂಗಿಸುವವರಿಗೆ ಇದು ಹೊಸ ವಿಷಯವೇನಲ್ಲ.

ಈ ಖರ್ಚನ್ನು ಆಟಗಾರರು ಹೇಗೆ ತೂಗಿಸುತ್ತಾರೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಪೆಟ್ಟಿನ ಸೂತ್ರ ಹೀಗಿದೆ: ದಾಳಿಕಾರನ ಮಟ್ಟವನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿ 2 ಕೂಡಿಸಿ. ಅದನ್ನು ಪಟ್ಟಿನ ಬಲದಿಂದಲೂ ದಾಳಿ–ರಕ್ಷಣೆಗಳ ನಿಷ್ಪತ್ತಿಯಿಂದಲೂ ಗುಣಿಸಿ, 50ರಿಂದ ಭಾಗಿಸಿ, ಮತ್ತೆ 2 ಕೂಡಿಸಿ. ಮಟ್ಟ 50, ಪಟ್ಟಿನ ಬಲ 80, ದಾಳಿ ಮತ್ತು ರಕ್ಷಣೆ ಸಮ ಎಂದಿಟ್ಟುಕೊಂಡರೆ 37 ಬರುತ್ತದೆ. ಇದನ್ನು ಯಂತ್ರ 85ರಿಂದ 100ರೊಳಗಿನ ಯಾವುದೋ ಒಂದು ಶೇಕಡಾವಾರಿಗೆ ಇಳಿಸುತ್ತದೆ. ಒಟ್ಟು 16 ಸಾಧ್ಯತೆಗಳು. ದಾಳಿಕಾರ ತನ್ನದೇ ವರ್ಗದ ಪಟ್ಟು ಹಾಕಿದರೆ ಒಂದೂವರೆ ಪಟ್ಟು, ಎದುರಾಳಿ ಆ ವರ್ಗಕ್ಕೆ ದುರ್ಬಲನಾದರೆ 2 ಪಟ್ಟು. ಹಂತಹಂತವಾಗಿ ಭಿನ್ನರಾಶಿಯನ್ನು ಕೈಬಿಡುತ್ತ ಹೋದರೆ ಅಂತಿಮ ಪೆಟ್ಟು 92ರಿಂದ 110ರವರೆಗೆ ನಿಲ್ಲುತ್ತದೆ.

ನಮ್ಮ ಜೀವಿಯ ಪ್ರಾಣಬಲ 105 ಎನ್ನಿ. 16 ಸಾಧ್ಯತೆಗಳಲ್ಲಿ 3ರಲ್ಲಿ ಅದು ನೆಲಕ್ಕುರುಳುತ್ತದೆ. ಪ್ರಾಣಬಲವನ್ನು 111 ಮಾಡಿದರೆ ಒಂದರಲ್ಲೂ ಇಲ್ಲ. ಈ 6ರ ಏರಿಕೆಗೆ 50ನೇ ಮಟ್ಟದಲ್ಲಿ, ಹುಟ್ಟುಗುಣ 31 ಇದ್ದಾಗ, 44 ತಾಲೀಮಿನ ಅಂಕ ಬೇಕು. ಮೊದಲ 1ಕ್ಕೆ 4, ನಂತರದ ಪ್ರತಿ 1ಕ್ಕೆ 8. 510ರಲ್ಲಿ 44 ಖರ್ಚು ಮಾಡಿ ಆ ಒಂದು ಪೆಟ್ಟನ್ನು ಖಂಡಿತವಾಗಿ ತಡೆದುಕೊಳ್ಳುವುದು ಲಾಭವೋ, ಅದೇ 44ನ್ನು ವೇಗಕ್ಕೆ ಹಾಕಿ ಮೊದಲೇ ಹೊಡೆಯುವುದು ಲಾಭವೋ? ಉತ್ತರ ಹೇಳಬೇಕಾದರೆ ಆ ಪಟ್ಟನ್ನು ಹಾಕುವವರು ಪಂದ್ಯಾವಳಿಯಲ್ಲಿ ಎಷ್ಟು ಜನ ಇದ್ದಾರೆಂದು ತಿಳಿದಿರಬೇಕು. ತಂಡ ಕಟ್ಟುವ ಲೆಕ್ಕ ಇಲ್ಲಿಗೆ ಬಂದಾಗ ಸಂಖ್ಯಾಶಾಸ್ತ್ರಕ್ಕೆ ಕಾಲಿಡುತ್ತದೆ.

ಹಲ್ಲಿಗಳೂ ಇದೇ ಆಟ ಆಡುತ್ತವೆ

ಆಟ ಬಿಡುಗಡೆಯಾದ 1996ರಲ್ಲೇ ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ ಎಂಬ ಜೀವವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಪುಟ್ಟ ಹಲ್ಲಿಯ ಬಗ್ಗೆ ಬರೆದರು. ಅದರ ಗಂಡುಗಳ ಗಂಟಲು ಮೂರು ಬಣ್ಣಗಳಲ್ಲಿರುತ್ತದೆ. ಕಿತ್ತಳೆ ಗಂಟಲಿನವು ಜಗಳಗಂಟಿಗಳು, ನೀಲಿಯವುಗಳ ನೆಲೆಯನ್ನು ಕಿತ್ತುಕೊಳ್ಳುತ್ತವೆ. ಹಳದಿಯವು ಹೆಣ್ಣಿನಂತೆ ಕಾಣುತ್ತ ಕಿತ್ತಳೆಯವುಗಳ ವಿಶಾಲ ನೆಲೆಗೆ ಗುಟ್ಟಾಗಿ ನುಸುಳುತ್ತವೆ. ನೀಲಿಯವು ತಮ್ಮ ಸಂಗಾತಿಯನ್ನು ಹತ್ತಿರದಿಂದ ಕಾಯುವುದರಿಂದ ಹಳದಿಯವುಗಳ ಆಟ ಅಲ್ಲಿ ನಡೆಯದು. ಯಾವ ಬಣ್ಣ ಹೆಚ್ಚಾಗುತ್ತದೋ ಅದನ್ನು ಸೋಲಿಸುವ ಬಣ್ಣಕ್ಕೆ ಮುಂದೆ ಸುಗ್ಗಿ. ಹೀಗೆ ಕೆಲವು ವರ್ಷಗಳ ಚಕ್ರದಲ್ಲಿ ಮೂರೂ ಏರಿಳಿಯುತ್ತವೆ. ಒಂದು ಗುಣದ ಲಾಭ ಅದು ಎಷ್ಟು ಸಾಮಾನ್ಯ ಎಂಬುದನ್ನೇ ಅವಲಂಬಿಸಿದರೆ ಜೀವವಿಜ್ಞಾನಿಗಳು ಅದನ್ನು ಆವೃತ್ತಿ ಅವಲಂಬಿ ಆಯ್ಕೆ ಎನ್ನುತ್ತಾರೆ.

ಪೋಕೆಮಾನ್ ಆಟಗಾರರು ಇದನ್ನು ಪುಸ್ತಕದಿಂದ ಕಲಿಯಲಿಲ್ಲ, ಸೋತು ಕಲಿತರು. ಜನಪ್ರಿಯ ತಂಡವೊಂದು ಹಬ್ಬಿದರೆ ಅದನ್ನು ಮುರಿಯುವ ತಂಡ ಹುಟ್ಟುತ್ತದೆ, ಅದೂ ಹಬ್ಬಿದರೆ ಅದಕ್ಕೊಂದು ಪ್ರತಿತಂತ್ರ.

ಹವ್ಯಾಸಿ ಆಟಗಾರರ ‘ಸ್ಮೋಗನ್’ ಎಂಬ ಗುಂಪು ಇದನ್ನು ಅಳೆಯಲು ಒಂದು ಮಾನದಂಡ ಮಾಡಿಕೊಂಡಿತು. ಯಾವ ಜೀವಿಯನ್ನು ‘ಹೆಚ್ಚು ಬಳಕೆಯದು’ ಎನ್ನಬೇಕು? 20 ಪಂದ್ಯ ಆಡಿದವನಿಗೆ ಒಮ್ಮೆಯಾದರೂ ಅದು ಎದುರಾಗುವ ಸಂಭವನೀಯತೆ ಅರ್ಧಕ್ಕಿಂತ ಹೆಚ್ಚಿದ್ದರೆ. ಒಂದು ಪಂದ್ಯದಲ್ಲಿ ಅದು ಎದುರಾಗದಿರುವ ಸಂಭವನೀಯತೆಯ 20ನೆಯ ಘಾತ 0.5 ಆಗಬೇಕು. ಲಾಗರಿದಮ್ ಬಳಸಿ ಬಿಡಿಸಿದರೆ ಗಡಿ ಶೇ. 3.41 ಎಂದು ಬರುತ್ತದೆ. ಮುಂದೆ 20ರ ಬದಲು 15 ಪಂದ್ಯ ಎಂದು ಬದಲಿಸಿದಾಗ ಅದು ಶೇ. 4.52 ಆಯಿತು. ಗಡಿಯ ಕೆಳಗೆ ಬಿದ್ದ ಜೀವಿಗಳಿಗೆ ಬೇರೆಯದೇ ಪಂದ್ಯಗಳು ಏರ್ಪಟ್ಟವು. ಇಲ್ಲವಾದರೆ ನೂರಾರು ಪ್ರಭೇದಗಳಲ್ಲಿ ಬಹುಪಾಲು ಎಂದೂ ಕಣಕ್ಕಿಳಿಯುತ್ತಲೇ ಇರಲಿಲ್ಲ.

ಅಧಿಕೃತ ಪಂದ್ಯಾವಳಿ ಬೇರೆ ಹಾದಿ ಹಿಡಿಯಿತು. 2009ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿಡಿಯೋ ಆಟದ ವಿಶ್ವ ಪಂದ್ಯ ನಡೆದಾಗ ಅದು ಜೋಡಿ ಕಾಳಗವಾಗಿತ್ತು: ಆರರಲ್ಲಿ ನಾಲ್ಕನ್ನು ಆರಿಸಿ, ಒಮ್ಮೆಗೆ ಎರಡೆರಡನ್ನು ಇಳಿಸುವುದು. ಒಂದು ಜೀವಿ ಪಕ್ಕದ ಜೀವಿಗೆ ನೆರವಾಗಬಹುದಾದ್ದರಿಂದ ಒಂಟಿ ಬಲಕ್ಕಿಂತ ಜೋಡಿಯ ಹೊಂದಾಣಿಕೆಗೆ ಬೆಲೆ ಬಂತು.

ಇದು ಎಷ್ಟರ ಮಟ್ಟಿಗೆ ನಿಜ ಎಂಬುದು 2014ರಲ್ಲಿ ವಾಷಿಂಗ್ಟನ್‌ನಲ್ಲಿ ಕಂಡಿತು. ದಕ್ಷಿಣ ಕೊರಿಯದ ಸೆಜುನ್ ಪಾರ್ಕ್ ತಂದ ಆರರಲ್ಲಿ ಪಾಚಿರಿಸು ಎಂಬ ಅಳಿಲೂ ಇತ್ತು. ಆರೂ ಮೂಲಗುಣಗಳ ಮೊತ್ತ ಅದಕ್ಕೆ 405. ಅದೇ ತಂಡದ ಗಾರ್ಚೋಂಪ್‌ಗೆ 600. ಅಂಥ ಪ್ರಾಣಿಯನ್ನು ವಿಶ್ವ ಪಂದ್ಯಕ್ಕೆ ತರುವುದು ತಮಾಷೆಯಂತೆ ಕಂಡಿರಬೇಕು. ಆದರೆ ಅದಕ್ಕೆ ಎರಡು ಗುಣಗಳಿದ್ದವು. ಎದುರಾಳಿಯ ದಾಳಿಯನ್ನು ತನ್ನತ್ತ ಸೆಳೆದುಕೊಳ್ಳುವ ಪಟ್ಟು ಒಂದು. ವಿದ್ಯುತ್ ಪೆಟ್ಟು ಬಿದ್ದರೆ ನೋಯುವ ಬದಲು ಚೇತರಿಸಿಕೊಳ್ಳುವ ಶಕ್ತಿ ಇನ್ನೊಂದು. ಪಾರ್ಕ್ ಅವರ ಮುಖ್ಯ ಹೋರಾಟಗಾರ ಗ್ಯಾರಡೋಸ್. ಮೂಲ ರೂಪದಲ್ಲಿ ನೀರು ಮತ್ತು ಹಾರಾಟ ಎರಡೂ ವರ್ಗದ ಅದಕ್ಕೆ ವಿದ್ಯುತ್ ಪೆಟ್ಟು 4 ಪಟ್ಟು ಬೀಳುತ್ತದೆ. ಆ ವರ್ಷ ವಿದ್ಯುತ್ ಪಟ್ಟಿನ ರೋಟಮ್ ಬಹಳ ಜನರ ಬಳಿ ಇತ್ತು. ಅಳಿಲು ಮುಂದೆ ನಿಂತು ಪೆಟ್ಟುಗಳನ್ನು ನುಂಗಿತು, ಗ್ಯಾರಡೋಸ್ ಉಳಿಯಿತು, ಪಾರ್ಕ್ ವಿಶ್ವ ಚಾಂಪಿಯನ್ ಆದರು. ಎಲ್ಲರ ತಂಡಗಳೂ ಬೇರೆಯಾಗಿದ್ದ ಇನ್ನೊಂದು ವರ್ಷದಲ್ಲಿ ಅದೇ ಅಳಿಲು ಹೊರೆಯಾಗುತ್ತಿತ್ತು.

ಅದೃಷ್ಟವನ್ನು ಲೆಕ್ಕ ಹಾಕಿದವರು

ಇಷ್ಟೆಲ್ಲ ಯೋಚಿಸಿ ಕಾಗದದ ಮೇಲೆ ತಂಡ ಬರೆದಾಯಿತು. ಇನ್ನು ಅಂಥ ಜೀವಿಗಳನ್ನು ಪಡೆಯಬೇಕಲ್ಲ? ಆರೂ ಹುಟ್ಟುಗುಣಗಳು 31 ಇರುವ ಕಾಡುಜೀವಿ ಸಿಗುವ ಸಂಭವನೀಯತೆ 32ರ ಆರನೆಯ ಘಾತದಲ್ಲಿ ಒಂದು, ಅಂದರೆ 107 ಕೋಟಿಗೂ ಹೆಚ್ಚಿನದರಲ್ಲಿ ಒಂದು. ಒಳ್ಳೆಯ ತಂದೆತಾಯಿಗಳಿಂದ ಮರಿ ಮಾಡಿಸುವುದು ದಾರಿ. 2002ರ ಆಟದಲ್ಲಿ ಮರಿಗೆ ತಂದೆತಾಯಿಯಿಂದ ಮೂರು ಅಂಕಿಗಳು ಬರುತ್ತಿದ್ದವು, ಉಳಿದವು ಯಂತ್ರದ ಮರ್ಜಿ. (ಮೆಂಡೆಲ್‌ನ ನಿಯಮಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ಒಳ್ಳೆಯದು.) ಒಂದು ತಂಡಕ್ಕಾಗಿ ನೂರಾರು ಮೊಟ್ಟೆಗಳು ಒಡೆಯಬೇಕಿತ್ತು. ಬಿಡುವಿದ್ದ ವಿದ್ಯಾರ್ಥಿಗೂ ದುಡಿಯುವವನಿಗೂ ಇಲ್ಲಿ ಸಮಾನತೆ ಇರಲಿಲ್ಲ.

ಗಣಿತ ಬಲ್ಲವರು ಬೇರೆ ಬಾಗಿಲು ತೆರೆದರು. ಗಣಕದ ಯಾದೃಚ್ಛಿಕ ಸಂಖ್ಯೆ ನಿಜವಾಗಿ ಯಾದೃಚ್ಛಿಕವಲ್ಲ. 2002ರ ಪೀಳಿಗೆಯ ಆಟಗಳಲ್ಲಿ ಹಿಂದಿನ ಸಂಖ್ಯೆಯನ್ನು 1,10,35,15,245ರಿಂದ ಗುಣಿಸಿ, 24,691 ಕೂಡಿಸಿ, 2ರ 32ನೆಯ ಘಾತದಿಂದ ಭಾಗಿಸಿ ಉಳಿದ ಶೇಷವೇ ಮುಂದಿನ ಸಂಖ್ಯೆ. ಸೂತ್ರವೂ ಆರಂಭದ ಸಂಖ್ಯೆಯೂ ಗೊತ್ತಾದರೆ ಇಡೀ ಸಾಲು ಗೊತ್ತಾದಂತೆ. 2004ರ ‘ಎಮರಾಲ್ಡ್’ ಆವೃತ್ತಿಯಲ್ಲಂತೂ ಯಂತ್ರ ಹೊತ್ತಿಸಿದಾಗಲೆಲ್ಲ ಆರಂಭದ ಸಂಖ್ಯೆ 0! ಸಾಲು ಸೆಕೆಂಡಿಗೆ ಸುಮಾರು 60 ಹೆಜ್ಜೆ ಮುಂದುವರಿಯುತ್ತದೆ. ಯಾವ ಕ್ಷಣದಲ್ಲಿ ಗುಂಡಿ ಒತ್ತಿದರೆ ಯಾವ ಜೀವಿ ಎದುರಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಗಡಿಯಾರ ಹಿಡಿದು ಒತ್ತುವುದಷ್ಟೇ ಕೆಲಸ. ಜೀವಿಯ ಗುರುತಿನ ಸಂಖ್ಯೆಯನ್ನು 25ರಿಂದ ಭಾಗಿಸಿದ ಶೇಷವೇ ಅದರ ಸ್ವಭಾವ. ಸಾಲಿನ ಮುಂದಿನ ಸಂಖ್ಯೆಗಳ ಬಿಟ್‌ಗಳೇ ಹುಟ್ಟುಗುಣ. ಕಳ್ಳಮಾರ್ಗದಿಂದ ಸೃಷ್ಟಿಸಿದ ಜೀವಿಯನ್ನು ಪತ್ತೆ ಮಾಡಲೂ ಇದೇ ಸೂತ್ರ ನೆರವಾಯಿತು: ಅದರ ಗುರುತಿನ ಸಂಖ್ಯೆ ಮತ್ತು ಹುಟ್ಟುಗುಣ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರಲು ಸಾಧ್ಯವಿಲ್ಲದಿದ್ದರೆ ಅದು ಖೋಟಾ.

ತಯಾರಕರು ನಿಧಾನವಾಗಿ ಶ್ರಮವನ್ನು ಇಳಿಸುತ್ತ ಬಂದರು. 2013ರ ‘ಎಕ್ಸ್’ ಮತ್ತು ‘ವೈ’ ಆವೃತ್ತಿಗಳಲ್ಲಿ ಒಂದು ವಸ್ತುವಿನ ನೆರವಿನಿಂದ ಮರಿಗೆ ಐದು ಅಂಕಿಗಳು ಬರುವಂತಾಯಿತು. 2016ರಲ್ಲಿ, ಬೆಳೆದ ಜೀವಿಯ ಹುಟ್ಟುಗುಣವನ್ನೇ ಗರಿಷ್ಠದಂತೆ ಮಾಡುವ ತರಬೇತಿ ಬಂತು. 2019ರಲ್ಲಿ ಸ್ವಭಾವದ ಪರಿಣಾಮವನ್ನೂ ಬದಲಿಸಬಹುದಾಯಿತು. ಆದರೂ ಕೆಲವರಿಗೆ ಇದು ಸಾಲದಾಯಿತು. 2023ರ ಆಗಸ್ಟ್‌ನಲ್ಲಿ ಯೊಕೊಹಾಮಾದ ವಿಶ್ವ ಪಂದ್ಯದಲ್ಲಿ ಹೊರಗಿನ ತಂತ್ರಾಂಶದಿಂದ ಸೃಷ್ಟಿಸಿದ ಜೀವಿಗಳು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಹಲವು ಆಟಗಾರರು ಅನರ್ಹರಾದರು. ಅಂಕಿಗಳು ನ್ಯಾಯವಾದ ಮಾರ್ಗದಲ್ಲೂ ಸಿಗಬಹುದಾದವೇ, ಹಾಗಿರುವಾಗ ಗಂಟೆಗಟ್ಟಲೆ ಸಮಯ ಏಕೆ ಹಾಳುಮಾಡಬೇಕು ಎಂದು ಅವರ ಪರ ವಾದಿಸಿದವರಿದ್ದರು. ನಿಯಮ ಎಲ್ಲರಿಗೂ ಮೊದಲೇ ತಿಳಿದಿತ್ತು, ಉಳಿದವರು ಆ ಗಂಟೆಗಳನ್ನು ಕೊಟ್ಟೇ ಬಂದಿದ್ದರು ಎಂದವರೂ ಇದ್ದರು. ನನಗೆ ಎರಡನೆಯ ಮಾತೇ ಸರಿ ಎನಿಸುತ್ತದೆ. ಆದರೆ ಮೊದಲನೆಯವರ ದೂರು ನಿಯಮದ ಮೇಲಲ್ಲ, ಆಟದ ರಚನೆಯ ಮೇಲೆ. ಅದಕ್ಕೆ ಉತ್ತರ ಕೊಡಬೇಕಾದವರು ತೀರ್ಪುಗಾರರಲ್ಲ, ಆಟ ಬರೆಯುವವರು.